ಮದ್ದು, ಮಾದಕ ಮತ್ತು ಕಾನೂನಿನ ಅನುಸೂಚಿಗಳು

(ಸಂಘದ ವಾರ್ಷಿಕೋತ್ಸವದಲ್ಲಿ ನೀಡಿದ ಉಪನ್ಯಾಸದ ಲೇಖರೂಪ)



ಕವಿಗೋಷ್ಠಿಯೂ ತಾಳಮದ್ದಳೆಯೂ ನಡೆಯುವ ಈ ವೇದಿಕೆಯಲ್ಲಿ ಮಾದಕ ದ್ರವ್ಯಗಳ ಕಾನೂನನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆಯಿತ್ತಾಗ, ಇದು ಉತ್ಸವದ ದಿನಕ್ಕೆ ಒಪ್ಪುವ ವಿಷಯವೇ ಎಂದು ಕೆಲವರು ಸಂದೇಹಪಟ್ಟರಂತೆ. ನನಗೆ ಆ ಸಂದೇಹವಿಲ್ಲ. ಕಾಸರಗೋಡಿನ ಕನ್ನಡ ಮನೆಗಳಲ್ಲಿ ಕೊಲ್ಲಿ ದೇಶಗಳಿಗೆ ಮಗನನ್ನೋ ಅಳಿಯನನ್ನೋ ಕಳುಹಿಸದ ಮನೆ ಅಪರೂಪ. ಅರ್ಬುದ ರೋಗದ ನೋವನ್ನು ಕಾಣದ ಕುಟುಂಬವೂ ಅಪರೂಪವೇ. ಈ ಎರಡೂ ಕಡೆ ನಾನು ಹೇಳಲಿರುವ ಕಾನೂನು ಬಾಗಿಲ ಬಳಿಯೇ ನಿಂತಿರುತ್ತದೆ. ಆ ಕಾನೂನಿನ ಮೂಲ ಇಂಗ್ಲಿಷಿನಲ್ಲಿದೆ, ಸರ್ಕಾರದ ಪ್ರಕಟಣೆ ಹೆಚ್ಚಾಗಿ ಮಲೆಯಾಳದಲ್ಲಿ ಬರುತ್ತದೆ, ನಮ್ಮ ಅಜ್ಜಿಯಂದಿರಿಗೆ ತಲುಪುವಾಗ ಅದು ಮೂರನೆಯ ಬಾಯಿಯ ಸುದ್ದಿಯಾಗಿರುತ್ತದೆ. ಒಂದು ಸಲವಾದರೂ ಅದನ್ನು ಕನ್ನಡದಲ್ಲಿ ನೇರವಾಗಿ ಹೇಳಿಕೊಳ್ಳೋಣ.

ಅಡುಗೆಮನೆಯಿಂದಲೇ ಆರಂಭಿಸುತ್ತೇನೆ. ಗಸಗಸೆಯ ಪಾಯಸವನ್ನು ಉಣ್ಣದವರು ಈ ಸಭೆಯಲ್ಲಿ ಇರಲಾರರು. ಆ ಗಸಗಸೆ ಅಫೀಮಿನ ಗಿಡದ ಬೀಜ. ಗಿಡದ ಹಸಿರು ಕಾಯಿಗೆ ಸಣ್ಣ ಗೀರು ಹಾಕಿದರೆ ಒಸರುವ ಹಾಲು ಗಟ್ಟಿಯಾದಾಗ ಅದು ಅಫೀಮು. ಅಫೀಮಿನಿಂದ ಬೇರ್ಪಡಿಸಿದ ಸಾರಗಳಲ್ಲಿ ಒಂದು ಮಾರ್ಫಿನ್, ಇನ್ನೊಂದು ಕೊಡೀನ್. ಮಾರ್ಫಿನ್ನನ್ನು ಅಸಿಟಿಕ್ ಅನ್‌ಹೈಡ್ರೈಡ್ ಎಂಬ ರಾಸಾಯನಿಕದೊಡನೆ ಸಂಸ್ಕರಿಸಿದರೆ ಹೆರಾಯಿನ್. ಈ ಕಡೆಯದನ್ನು ಜರ್ಮನಿಯ ಬಾಯರ್ ಸಂಸ್ಥೆ 1898ರಲ್ಲಿ ಕೆಮ್ಮಿನ ಮದ್ದೆಂದು ಮಾರುಕಟ್ಟೆಗೆ ತಂದಿತ್ತು ಎಂಬುದನ್ನು ಇಂದು ನಂಬುವುದೇ ಕಷ್ಟ. ಗಿಡ ಒಂದೇ, ಆದರೆ ಕಾನೂನು ಅದನ್ನು ಹಲವು ಕೋಣೆಗಳಲ್ಲಿ ಬೇರೆಬೇರೆಯಾಗಿ ಇರಿಸಿದೆ. ಬೀಜ ನಿಯಂತ್ರಣದ ಹೊರಗೆ. ಒಣಗಿದ ಕಾಯಿ ಮತ್ತು ದಂಟು ನಿಯಂತ್ರಣದ ಒಳಗೆ. ಅಫೀಮು, ಮಾರ್ಫಿನ್‌ಗಳು ಕಟ್ಟುನಿಟ್ಟಿನ ಕೋಣೆಯಲ್ಲಿ. ಕೊಡೀನ್ ಸ್ವಲ್ಪ ಸಡಿಲವಾದ ಕೋಣೆಯಲ್ಲಿ. ಹೆರಾಯಿನ್ ಎಲ್ಲಕ್ಕಿಂತ ಬಿಗಿಯಾದ ಕೋಣೆಯಲ್ಲಿ. ಅಸಿಟಿಕ್ ಅನ್‌ಹೈಡ್ರೈಡ್ ಮಾದಕವೇ ಅಲ್ಲದಿದ್ದರೂ ಮಾದಕದ ತಯಾರಿಕೆಗೆ ಒದಗುವುದರಿಂದ ಮತ್ತೊಂದು ಪಟ್ಟಿಯಲ್ಲಿ. ವಸ್ತುವಿನ ಹುಟ್ಟನ್ನಲ್ಲ, ಅದು ಮಾಡಬಲ್ಲ ಹಾನಿಯನ್ನೂ ಉಪಕಾರವನ್ನೂ ತೂಗಿ ನೋಡುವುದೇ ವರ್ಗೀಕರಣದ ಉದ್ದೇಶ. ತೂಕ ಎಲ್ಲ ಕಡೆಯೂ ಸರಿಯಾಗಿದೆಯೆಂದು ನಾನು ಹೇಳಲಾರೆ. ಹೊಗೆಸೊಪ್ಪೂ ಮದ್ಯವೂ ಈ ಅಂತಾರಾಷ್ಟ್ರೀಯ ಪಟ್ಟಿಗಳಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ನೆನೆದರೆ ಸಾಕು. ಶಾಸ್ತ್ರದ ಜೊತೆಗೆ ಚರಿತ್ರೆಯೂ ಈ ಪಟ್ಟಿಗಳನ್ನು ಬರೆದಿದೆಯೆಂದು ತಿಳಿಯುತ್ತದೆ.

ಆ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1909ರಲ್ಲಿ ಶಾಂಘೈ ನಗರದಲ್ಲಿ 13 ದೇಶಗಳು ಅಫೀಮಿನ ವಿಷಯವಾಗಿ ಸಭೆ ಸೇರಿದುವು. 1912ರಲ್ಲಿ ಹೇಗ್ ನಗರದಲ್ಲಿ ಮೊದಲ ಒಡಂಬಡಿಕೆಯಾಯಿತು. 1925ರ ಜಿನೀವಾ ಸಮ್ಮೇಳನದಲ್ಲಿ ಈಜಿಪ್ಟಿನ ಒತ್ತಾಯದಿಂದ ಗಾಂಜಾ ಗಿಡವೂ ಚರ್ಚೆಯೊಳಗೆ ಬಂದಿತು. ಹೀಗೆ ಒಂದರ ಮೇಲೊಂದು ಸೇರಿದ ಒಪ್ಪಂದಗಳನ್ನೆಲ್ಲ ಒಟ್ಟುಗೂಡಿಸಿ 1961ರ ಮಾರ್ಚಿಯಲ್ಲಿ ನ್ಯೂಯಾರ್ಕಿನಲ್ಲಿ ಮಾದಕ ದ್ರವ್ಯಗಳ ಏಕೈಕ ಒಡಂಬಡಿಕೆಯನ್ನು ರಚಿಸಲಾಯಿತು. ಅದರಲ್ಲಿ ನಾಲ್ಕು ಅನುಸೂಚಿಗಳು. ಮೊದಲನೆಯದರಲ್ಲಿ ಅಫೀಮು, ಮಾರ್ಫಿನ್, ಕೊಕೇನ್, ಗಾಂಜಾ ಮುಂತಾದುವು. ಎರಡನೆಯದರಲ್ಲಿ ಕೊಡೀನಿನಂಥವು. ಮೂರನೆಯದು ಅಲ್ಪಪ್ರಮಾಣದ ಮಾದಕವುಳ್ಳ ಸಿದ್ಧ ಔಷಧಗಳಿಗಾಗಿ. ನಾಲ್ಕನೆಯದೇ ಅತಿ ಕಠಿಣವಾದುದು. ಮೊದಲನೆಯ ಅನುಸೂಚಿಯಲ್ಲಿರುವವುಗಳಲ್ಲೇ ವಿಶೇಷ ಅಪಾಯಕಾರಿಗಳೆಂದು ಎತ್ತಿ ತೋರಿಸಿದ ಹೆರಾಯಿನ್ ಮುಂತಾದವುಗಳ ಪಟ್ಟಿ ಅದು.

1971ರಲ್ಲಿ ವಿಯೆನ್ನಾದಲ್ಲಿ ಎರಡನೆಯ ಒಡಂಬಡಿಕೆಯಾಯಿತು. ಪ್ರಯೋಗಶಾಲೆಯಲ್ಲಿ ಹುಟ್ಟಿದ, ಮನಸ್ಸಿನ ಮೇಲೆ ವರ್ತಿಸುವ ದ್ರವ್ಯಗಳಿಗಾಗಿ ಅದು. ಅದರಲ್ಲಿಯೂ ನಾಲ್ಕು ಅನುಸೂಚಿಗಳಿವೆ. ಆದರೆ ಇಲ್ಲಿ ಒಂದನೆಯದು ಅತಿ ಕಠಿಣ, ನಾಲ್ಕನೆಯದು ಅತಿ ಸಡಿಲ. ಎಲ್‌ಎಸ್‌ಡಿ ಒಂದನೆಯದರಲ್ಲಿದೆ, ನಿದ್ದೆಗೂ ಅಪಸ್ಮಾರಕ್ಕೂ ಕೊಡುವ ಡಯಜಿಪಾಮ್, ಫಿನೋಬಾರ್ಬಿಟಾಲ್‌ಗಳು ನಾಲ್ಕನೆಯದರಲ್ಲಿವೆ. ನಾಲ್ಕನೆಯ ಅನುಸೂಚಿ ಎಂದಾಗ ಯಾವ ಒಡಂಬಡಿಕೆಯದೆಂದು ಕೇಳದಿದ್ದರೆ ಅರ್ಥವೇ ತಿರುವುಮುರುವಾಗುತ್ತದೆ. ಕಾನೂನು ಬರೆಯುವವರು ಓದುವವರ ಮೇಲೆ ಇಷ್ಟು ನಿರ್ದಯರಾಗಬೇಕಾಗಿರಲಿಲ್ಲ! ಮೂರನೆಯ ಒಡಂಬಡಿಕೆ 1988ರದು; ಕಳ್ಳಸಾಗಣೆಯನ್ನೂ, ಎಫೆಡ್ರಿನ್, ಅಸಿಟಿಕ್ ಅನ್‌ಹೈಡ್ರೈಡ್ ಮೊದಲಾದ ಮೂಲ ರಾಸಾಯನಿಕಗಳನ್ನೂ ಕುರಿತದ್ದು.

ಯಾವ ದ್ರವ್ಯ ಯಾವ ಪಟ್ಟಿಗೆ ಎಂಬುದನ್ನು ಯಾರು ನಿರ್ಣಯಿಸುತ್ತಾರೆ? ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಪರಿಶೀಲಿಸಿ ಶಿಫಾರಸು ಮಾಡುತ್ತದೆ. ವಿಶ್ವಸಂಸ್ಥೆಯ ಮಾದಕ ದ್ರವ್ಯಗಳ ಆಯೋಗದಲ್ಲಿರುವ 53 ದೇಶಗಳು ಮತ ಹಾಕುತ್ತವೆ. ಮತದ ಮೂಲಕ ಶಾಸ್ತ್ರ ನಿರ್ಣಯವಾಗುವುದು ಹೇಗಿರುತ್ತದೆಂಬುದಕ್ಕೆ ಒಂದು ನಿದರ್ಶನ: 2020ರ ದಶಂಬರ 2ರಂದು ಗಾಂಜಾವನ್ನು 1961ರ ಒಡಂಬಡಿಕೆಯ ಅತಿಕಠಿಣವಾದ ನಾಲ್ಕನೆಯ ಅನುಸೂಚಿಯಿಂದ ತೆಗೆಯುವ ಪ್ರಶ್ನೆ ಬಂದಾಗ 27 ದೇಶಗಳು ಪರವಾಗಿಯೂ 25 ವಿರುದ್ಧವಾಗಿಯೂ ಮತವಿತ್ತುವು, ಒಂದು ತಟಸ್ಥವಾಗಿತ್ತು. ಭಾರತ ಪರವಾಗಿ ಮತವಿತ್ತಿತು. ಗಾಂಜಾಕ್ಕೆ ಔಷಧೋಪಯೋಗ ಇರಬಹುದೆಂಬುದನ್ನು ಒಪ್ಪಿದಂತಾಯಿತೇ ಹೊರತು ಅದು ಮುಕ್ತವಾಗಲಿಲ್ಲ. ಒಂದನೆಯ ಅನುಸೂಚಿಯಲ್ಲಿ ಹಾಗೆಯೇ ಉಳಿಯಿತು. ಅಂದಿನ ಸುದ್ದಿಯನ್ನು ಅರ್ಧ ಓದಿದ ಕೆಲವು ತರುಣರು ನಮ್ಮ ದೇಶದಲ್ಲಿ ಗಾಂಜಾ ನ್ಯಾಯಬದ್ಧವಾಯಿತೆಂದು ವಾದಿಸುವುದನ್ನು ನಾನು ಕೇಳಿದ್ದೇನೆ. ಹಾಗಾಗಿಲ್ಲ.

ಗಾಂಜಾದ ಮಾತು ಬಂದುದರಿಂದ ನಮ್ಮ ದೇಶದ ಒಂದು ವಿಚಿತ್ರವನ್ನು ಹೇಳಬೇಕು. 1893-94ರಲ್ಲಿ ಬ್ರಿಟಿಷ್ ಸರ್ಕಾರ ಭಂಗಿ, ಗಾಂಜಾ, ಚರಸ್‌ಗಳ ವಿಚಾರಣೆಗಾಗಿ ಒಂದು ಆಯೋಗವನ್ನು ನೇಮಿಸಿತು. ಅಂದು ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತು; ಆ ಪ್ರಾಂತವೂ ವಿಚಾರಣೆಯ ವ್ಯಾಪ್ತಿಯಲ್ಲಿತ್ತು. ಸಾವಿರಕ್ಕೂ ಮಿಕ್ಕಿದ ಸಾಕ್ಷಿಗಳನ್ನು ಕೇಳಿದ ಆಯೋಗ, ಪೂರ್ಣ ನಿಷೇಧ ಬೇಡ, ಪರವಾನಿಗೆ ಮತ್ತು ತೆರಿಗೆಗಳಿಂದ ಹದ್ದಿನಲ್ಲಿಡಬೇಕು ಎಂದಿತು. 1961ರ ಒಡಂಬಡಿಕೆಯಲ್ಲಿ ಗಾಂಜಾ ಎಂದರೆ ಗಿಡದ ಹೂವಿನ ಅಥವಾ ಕಾಯಿಯ ತುದಿಗಳು, ತುದಿಗಳೊಡನೆ ಕೂಡಿಲ್ಲದ ಎಲೆ ಮತ್ತು ಬೀಜಗಳು ಅಲ್ಲ ಎಂಬ ವ್ಯಾಖ್ಯೆ ಬಂದಿತು. ನಮ್ಮ 1985ರ ಅಧಿನಿಯಮವೂ ಅದೇ ವ್ಯಾಖ್ಯೆಯನ್ನು ತೆಗೆದುಕೊಂಡಿತು. ಆದುದರಿಂದ ಗಾಂಜಾ, ಚರಸ್‌ಗಳು ಕೇಂದ್ರದ ಕಾನೂನಿಗೆ ಒಳಪಟ್ಟುವು. ಎಲೆಯಿಂದ ಮಾಡುವ ಭಂಗಿ ಅದರಿಂದ ಹೊರಗುಳಿದು ರಾಜ್ಯಗಳ ಅಬಕಾರಿ ಕಾನೂನುಗಳ ಪಾಲಿಗೆ ಬಿದ್ದಿತು. 2022ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಒಂದು ಜಾಮೀನಿನ ಅರ್ಜಿಯಲ್ಲಿ ಈ ಭೇದವನ್ನೇ ಎತ್ತಿಹಿಡಿಯಿತು. ಆದರೆ ಎಲೆಯ ಜೊತೆ ಹೂವಿನ ತುದಿ ಸೇರಿದ್ದರೆ ಅದು ಗಾಂಜಾವೇ. ಯಾವುದು ಎಲೆ, ಯಾವುದು ತುದಿ ಎಂಬುದು ಪ್ರಯೋಗಶಾಲೆಯ ವರದಿ ಬರುವ ತನಕ ನಿರ್ಧಾರವಾಗದು, ಅದುವರೆಗೆ ಮನುಷ್ಯ ಸೆರೆಮನೆಯಲ್ಲಿರಬಹುದು.

1985ರ ಅಧಿನಿಯಮ ಬರುವ ಮುನ್ನ 1857 ಮತ್ತು 1878ರ ಅಫೀಮು ಕಾನೂನುಗಳೂ 1930ರ ಅಪಾಯಕಾರಿ ಮದ್ದುಗಳ ಕಾನೂನೂ ಜಾರಿಯಲ್ಲಿದ್ದುವು. 1930ರ ಕಾನೂನಿನಲ್ಲಿ ಮೊದಲ ಅಪರಾಧಕ್ಕೆ ಗರಿಷ್ಠ ಶಿಕ್ಷೆ ಮೂರು ವರ್ಷ. 1961ರ ಒಡಂಬಡಿಕೆ ಔಷಧೇತರವಾದ ಗಾಂಜಾ ಬಳಕೆಯನ್ನು ನಿಲ್ಲಿಸಲು, ಅದು 1964ರಲ್ಲಿ ಜಾರಿಗೆ ಬಂದಂದಿನಿಂದ 25 ವರ್ಷಗಳ ಗಡುವು ನೀಡಿತ್ತು. ಗಡುವು ಮುಗಿಯುವ ಮೊದಲೇ, 1985ರ ನವಂಬರ 14ರಂದು, ಮಾದಕ ದ್ರವ್ಯ ಮತ್ತು ಮನೋಪ್ರಭಾವಿ ವಸ್ತುಗಳ ಅಧಿನಿಯಮ ಜಾರಿಗೆ ಬಂದು, ಹೆಚ್ಚಿನ ಅಪರಾಧಗಳಿಗೆ ಕನಿಷ್ಠ ಶಿಕ್ಷೆಯೇ ಹತ್ತು ವರ್ಷವಾಯಿತು. ಚಿಟಿಕೆ ಹಿಡಿದವನೂ ಮೂಟೆ ಹೊತ್ತವನೂ ಬಹುಮಟ್ಟಿಗೆ ಒಂದೇ ತಕ್ಕಡಿಯಲ್ಲಿ ಕುಳಿತರು.

ಇದನ್ನು ಸರಿಪಡಿಸಿದುದು 2001ರ ತಿದ್ದುಪಡಿ. ಅಂದಿನಿಂದ ಅಲ್ಪ ಪ್ರಮಾಣ, ವಾಣಿಜ್ಯ ಪ್ರಮಾಣ ಮತ್ತು ಇವೆರಡರ ನಡುವಣ ಪ್ರಮಾಣ ಎಂಬ ಮೂರು ಮೆಟ್ಟಲುಗಳಾದುವು. ಗಾಂಜಾಕ್ಕೆ ಒಂದು ಕಿಲೋ ತನಕ ಅಲ್ಪ, 20 ಕಿಲೋ ಮೀರಿದರೆ ವಾಣಿಜ್ಯ. ಚರಸ್ಸಿಗೆ 100 ಗ್ರಾಂ ಮತ್ತು ಒಂದು ಕಿಲೋ. ಹೆರಾಯಿನ್‌ಗೆ 5 ಗ್ರಾಂ ಮತ್ತು 250 ಗ್ರಾಂ. ತರುಣರು ಎಂಡಿಎಂಎ ಎಂದು ಕರೆಯುವ ವಸ್ತುವಿಗೆ ಅರ್ಧ ಗ್ರಾಂ ಮತ್ತು 10 ಗ್ರಾಂ. ಹತ್ತು ಗ್ರಾಂ ಎಂದರೆ ಎರಡು ಚಮಚೆ ಸಕ್ಕರೆಯಷ್ಟು ತೂಕ. ಅಲ್ಪ ಪ್ರಮಾಣಕ್ಕೆ ಒಂದು ವರ್ಷದವರೆಗೆ, ನಡುವಣ ಪ್ರಮಾಣಕ್ಕೆ ಹತ್ತು ವರ್ಷದವರೆಗೆ, ವಾಣಿಜ್ಯ ಪ್ರಮಾಣಕ್ಕೆ ಹತ್ತರಿಂದ ಇಪ್ಪತ್ತು ವರ್ಷ ಕಠಿಣ ಸಜೆ, ಜೊತೆಗೆ ಒಂದರಿಂದ ಎರಡು ಲಕ್ಷ ರೂಪಾಯಿ ದಂಡ. ವಾಣಿಜ್ಯ ಪ್ರಮಾಣವಾದರೆ ಜಾಮೀನು ದೊರೆಯುವುದೂ ದುಸ್ತರ. ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಕಾರಣಗಳಿವೆಯೆಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು.

ಇಲ್ಲಿ ಒಂದು ಲೆಕ್ಕವಿದೆ. ವಿದ್ಯಾರ್ಥಿ ಮಿತ್ರರು ಗಮನಿಸಬೇಕು. ಮಿಶ್ರಣದ ತೂಕವನ್ನು ನೋಡಬೇಕೋ ಅದರೊಳಗಿನ ಶುದ್ಧ ಮಾದಕದ ತೂಕವನ್ನೋ? 2008ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಪ್ರಕರಣದಲ್ಲಿ ನಾಲ್ಕು ಕಿಲೋ ಮೀರಿದ ಪುಡಿಯಲ್ಲಿದ್ದ ಶುದ್ಧ ಹೆರಾಯಿನ್ ಸುಮಾರು 60 ಗ್ರಾಂ ಮಾತ್ರ. ಶುದ್ಧಾಂಶವನ್ನೇ ಲೆಕ್ಕಿಸಬೇಕೆಂದು ನ್ಯಾಯಾಲಯ ಅಂದು ತೀರ್ಪಿತ್ತಿತು. ಅಪರಾಧ ವಾಣಿಜ್ಯ ಪ್ರಮಾಣದಿಂದ ನಡುವಣದಕ್ಕೆ ಇಳಿಯಿತು. 2009ರಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಇದನ್ನು ಬದಲಿಸಿತು. 2020ರ ಏಪ್ರಿಲಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಒಟ್ಟು ಮಿಶ್ರಣದ ತೂಕವೇ ಗಣನೀಯವೆಂದು ನಿರ್ಣಯಿಸಿತು. ಪರಿಣಾಮವನ್ನು ನೋಡಿ. ಐದು ಮಿಲಿಲೀಟರಿಗೆ ಹತ್ತು ಮಿಲಿಗ್ರಾಂ ಕೊಡೀನ್ ಇರುವ ಕೆಮ್ಮಿನ ಮದ್ದಿನ 100 ಮಿಲಿಲೀಟರ್ ಬಾಟಲಿಯಲ್ಲಿ ಕೊಡೀನ್ ಇರುವುದು 200 ಮಿಲಿಗ್ರಾಂ. ಕೊಡೀನ್‌ಗೆ ವಾಣಿಜ್ಯ ಪ್ರಮಾಣ ಒಂದು ಕಿಲೋ. ಶುದ್ಧಾಂಶದ ಲೆಕ್ಕದಲ್ಲಿ ಅಷ್ಟಾಗಲು ಐದು ಸಾವಿರ ಬಾಟಲಿಗಳು ಬೇಕು. ಮಿಶ್ರಣದ ಲೆಕ್ಕದಲ್ಲಿ ಹತ್ತು ಬಾಟಲಿಗಳ ಆಸುಪಾಸು ಸಾಕು. ಚಿಕಿತ್ಸೆಗಾಗಿ ನಿಯತ ಮಿತಿಯೊಳಗೆ ಕೊಡೀನ್ ಇರುವ ಔಷಧಗಳಿಗೆ ವಿನಾಯಿತಿಯಿದೆ, ನಿಜ. ಆದರೆ ವೈದ್ಯರ ಚೀಟಿಯಿಲ್ಲದೆ ಪೆಟ್ಟಿಗೆಗಟ್ಟಲೆ ಸಾಗಿಸಿದವನು ಆ ವಿನಾಯಿತಿಯ ಮರೆಯಲ್ಲಿ ನಿಲ್ಲಲಾರ. ಮಿಶ್ರಣದ ವಾದಕ್ಕೆ ಸಮರ್ಥನೆಯಿದೆ: ಬೀದಿಯಲ್ಲಿ ಮಾರುವುದು ಮಿಶ್ರಣವನ್ನೇ. ಆದರೂ ಐದು ಸಾವಿರಕ್ಕೂ ಹತ್ತಕ್ಕೂ ಇರುವ ಅಂತರವನ್ನು ಒಂದು ತೀರ್ಪು ದಾಟಿಸಿತೆಂಬುದು ನನ್ನನ್ನು ಈಗಲೂ ಅಳುಕಿಸುತ್ತದೆ.

ಹೊರದೇಶಗಳ ಮಾತನ್ನು ಬೇಗನೆ ಮುಗಿಸುತ್ತೇನೆ. ಬ್ರಿಟನ್ನಿನ 1971ರ ಕಾನೂನು ಎ, ಬಿ, ಸಿ ಎಂಬ ಮೂರು ವರ್ಗಗಳನ್ನು ಮಾಡಿದೆ. ಅಲ್ಲಿ ಗಾಂಜಾ 2004ರಲ್ಲಿ ಬಿ ವರ್ಗದಿಂದ ಸಿ ವರ್ಗಕ್ಕೆ ಇಳಿದು 2009ರಲ್ಲಿ ಮರಳಿ ಬಿ ವರ್ಗಕ್ಕೆ ಏರಿತು. ಕೆನಡಾ 2018ರಲ್ಲಿ ಅದನ್ನು ವಯಸ್ಕರಿಗೆ ಮುಕ್ತಗೊಳಿಸಿತು. ನಮ್ಮಲ್ಲಿಯೂ ಅಂತಾರಾಷ್ಟ್ರೀಯ ಪಟ್ಟಿಯಲ್ಲಿಲ್ಲದ ಕೆಲವು ಔಷಧಗಳನ್ನು ನಾವೇ ಸೇರಿಸಿಕೊಂಡಿದ್ದೇವೆ: ಕೆಟಮಿನ್ 2011ರಲ್ಲಿ, ನೋವಿನ ಮಾತ್ರೆಯಾದ ಟ್ರಾಮಡಾಲ್ 2018ರಲ್ಲಿ. ಒಡಂಬಡಿಕೆ ನೆಲಗಟ್ಟು ಮಾತ್ರ. ಅದರ ಮೇಲೆ ಎಷ್ಟು ಎತ್ತರಕ್ಕೆ ಗೋಡೆ ಕಟ್ಟಬೇಕೆಂಬುದು ಆಯಾ ದೇಶದ ಇಚ್ಛೆ.

ಆ ಗೋಡೆಯ ಎತ್ತರ ನಮ್ಮ ಮಕ್ಕಳಿಗೆ ತಿಳಿಯುವುದು ವಿಮಾನ ನಿಲ್ದಾಣದಲ್ಲಿ. ತಾಯಂದಿರೇ, ನಾನು ಮೊದಲೇ ಹೇಳಿದ ಗಸಗಸೆ ನಮ್ಮ ದೇಶದಲ್ಲಿ ಪಾಯಸದ ಸಾಮಗ್ರಿ. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ನಿಷಿದ್ಧ ವಸ್ತು. ಮಗನ ಪೆಟ್ಟಿಗೆಯಲ್ಲಿ ಪ್ರೀತಿಯಿಂದ ಇಟ್ಟ ಪೊಟ್ಟಣ ಅವನನ್ನು ಠಾಣೆಗೆ ಒಯ್ಯಬಲ್ಲದು. ಟ್ರಾಮಡಾಲ್, ಕೊಡೀನ್, ನಿದ್ದೆಯ ಮಾತ್ರೆಗಳೂ ಹಾಗೆಯೇ. ಅಲ್ಲಿಯ ಆರೋಗ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ಪಡೆದು, ವೈದ್ಯರ ಚೀಟಿಯನ್ನು ಜೊತೆಯಲ್ಲಿರಿಸಿಕೊಂಡೇ ಒಯ್ಯಬೇಕು. ಇದಕ್ಕಿಂತ ಘೋರವಾದುದು ಇತರರ ಪೊಟ್ಟಣ. 2019ರಲ್ಲಿ ಮುಂಬಯಿಯ ದಂಪತಿಗಳು ಬಂಧುವೊಬ್ಬರು ಏರ್ಪಡಿಸಿದ ಪ್ರವಾಸದ ಮೇಲೆ ಕತಾರಿಗೆ ಹೋದರು. ಅವರ ಕೈಗೆ ಕೊಟ್ಟ ಪೊಟ್ಟಣದಲ್ಲಿ ನಾಲ್ಕು ಕಿಲೋ ಚರಸ್ ಇತ್ತು. ಹತ್ತು ವರ್ಷ ಸಜೆಯಾಯಿತು. ಹೆಂಡತಿ ಸೆರೆಮನೆಯಲ್ಲಿಯೇ ಮಗುವನ್ನು ಹಡೆದಳು. ಅವರು ನಿರಪರಾಧಿಗಳೆಂದು ಸಿದ್ಧವಾಗಿ ಬಿಡುಗಡೆಯಾದುದು 2021ರಲ್ಲಿ. ನಮ್ಮ ಕಾನೂನಿನಲ್ಲಿಯೂ, ವಸ್ತು ಕೈಯಲ್ಲಿ ಸಿಕ್ಕಿದ ಮೇಲೆ ತನಗೆ ತಿಳಿದಿರಲಿಲ್ಲವೆಂದು ಸಾಧಿಸುವ ಹೊಣೆ ಆರೋಪಿಯದೇ. ಆದುದರಿಂದ ನೆರೆಮನೆಯ ಅಕ್ಕನೇ ಕೊಟ್ಟರೂ, ಉಪ್ಪಿನಕಾಯಿಯ ಭರಣಿಯೇ ಆದರೂ, ಎದುರಿನಲ್ಲೇ ಬಿಚ್ಚಿ ನೋಡದೆ ಒಯ್ಯಬೇಡಿ. ಅಕ್ಕ ಮುನಿದರೆ ನಾಳೆ ಸಮಾಧಾನ ಮಾಡಬಹುದು.

ಇನ್ನು ನೋವಿನ ವಿಷಯ. ನಾನು ಈ ವೇದಿಕೆಯನ್ನು ಒಪ್ಪಿಕೊಂಡುದು ಮುಖ್ಯವಾಗಿ ಇದಕ್ಕಾಗಿ. 1961ರ ಒಡಂಬಡಿಕೆಯ ಪೀಠಿಕೆಯೇ, ನೋವಿನ ಉಪಶಮನಕ್ಕೆ ಮಾದಕ ಔಷಧಗಳು ಅನಿವಾರ್ಯ, ಅವು ಸಾಕಷ್ಟು ದೊರೆಯುವಂತೆ ಏರ್ಪಾಡು ಮಾಡಬೇಕು ಎಂದು ಹೇಳುತ್ತದೆ. ತಡೆಯುವುದು ಅರ್ಧ ಕರ್ತವ್ಯ, ಒದಗಿಸುವುದು ಉಳಿದರ್ಧ. ನಮ್ಮ ದೇಶ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಪರವಾನಿಗೆಯ ಮೇಲೆ ಅಫೀಮು ಬೆಳೆಸಿ, ಗಾಜಿಪುರ ಮತ್ತು ನೀಮಚ್‌ಗಳ ಸರ್ಕಾರಿ ಕಾರ್ಖಾನೆಗಳಲ್ಲಿ ಸಂಸ್ಕರಿಸಿ ಲೋಕಕ್ಕೆ ರಫ್ತು ಮಾಡುವ ದೇಶ. ಅಂಥ ದೇಶದಲ್ಲಿಯೇ 1985ರ ಕಾನೂನು ಬಂದ ಬಳಿಕ ಮಾರ್ಫಿನ್ನಿನ ವೈದ್ಯಕೀಯ ಬಳಕೆ ಶೇಕಡಾ 97ರಷ್ಟು ಕುಸಿದು 1997ರಲ್ಲಿ ಕೇವಲ 18 ಕಿಲೋಗಳಿಗೆ ಇಳಿಯಿತು. ಔಷಧವನ್ನು ಯಾರೂ ನಿಷೇಧಿಸಿರಲಿಲ್ಲ. ಒಂದು ಆಸ್ಪತ್ರೆ ಮಾರ್ಫಿನ್ ಇಡಬೇಕಾದರೆ ಹಲವು ಇಲಾಖೆಗಳ ಹಲವು ಪರವಾನಿಗೆಗಳು ಏಕಕಾಲದಲ್ಲಿ ಊರ್ಜಿತವಾಗಿರಬೇಕಿತ್ತು. ಒಂದರ ಅವಧಿ ಮುಗಿಯುವಾಗ ಇನ್ನೊಂದು ಬಂದಿರುತ್ತಿರಲಿಲ್ಲ. ಲೆಕ್ಕದಲ್ಲಿ ತಪ್ಪಾದರೆ ಹತ್ತು ವರ್ಷದ ಭಯ. ವೈದ್ಯರು ಬರೆಯುವುದನ್ನೇ ಬಿಟ್ಟರು, ಅಂಗಡಿಯವರು ಇಡುವುದನ್ನು ಬಿಟ್ಟರು, ಹೊಸ ವೈದ್ಯರು ಅದನ್ನು ಕೊಡುವ ಕ್ರಮವನ್ನೇ ಕಲಿಯಲಿಲ್ಲ.

ಕೇರಳಕ್ಕೆ ಸೇರಿದುದರಿಂದ ನಮಗಾದ ನಷ್ಟಗಳನ್ನು ಈ ವೇದಿಕೆಯಲ್ಲಿ ಬಹಳ ಸಲ ಎಣಿಸಿದ್ದೇವೆ. ಒಂದು ಲಾಭವನ್ನೂ ನ್ಯಾಯವಾಗಿ ಹೇಳಬೇಕು. 1993ರಲ್ಲಿ ಕೋಳಿಕ್ಕೋಡಿನಲ್ಲಿ ಡಾಕ್ಟರ್ ಎಂ. ಆರ್. ರಾಜಗೋಪಾಲ್ ಮತ್ತು ಅವರ ಸಹೋದ್ಯೋಗಿಗಳು ನೋವು ಹಾಗೂ ಉಪಶಾಮಕ ಚಿಕಿತ್ಸೆಯ ಸಂಘವೊಂದನ್ನು ಕಟ್ಟಿದರು. ಅಲ್ಲಿಂದ ಹಬ್ಬಿದ ಚಳವಳಿ ರಾಜ್ಯದಲ್ಲಿ ಮಾರ್ಫಿನ್ನಿನ ನಿಯಮಗಳನ್ನು ಸರಳಗೊಳಿಸಿತು; 2008ರಲ್ಲಿ ಕೇರಳ ಉಪಶಾಮಕ ಚಿಕಿತ್ಸೆಯ ನೀತಿಯನ್ನೇ ಘೋಷಿಸಿತು; ಪಂಚಾಯತಿನ ದಾದಿ ರೋಗಿಯ ಮನೆಯ ಜಗಲಿಗೇ ಬರುವಂತಾಯಿತು. ದೇಶವ್ಯಾಪಿಯಾದ ಪರಿಹಾರ ದೊರೆತುದು 2014ರ ತಿದ್ದುಪಡಿಯಿಂದ. 'ಅವಶ್ಯಕ ಮಾದಕ ಔಷಧ'ಗಳೆಂಬ ಹೊಸ ವರ್ಗವೊಂದು ಹುಟ್ಟಿ, 2015ರಲ್ಲಿ ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೊಡೋನ್, ಕೊಡೀನ್, ಹೈಡ್ರೊಕೊಡೋನ್ ಎಂಬ ಆರು ಅದರಲ್ಲಿ ಸೇರಿದುವು. ಇವುಗಳಿಗೆ ರಾಜ್ಯಕ್ಕೊಂದು ನಿಯಮ ಹೋಗಿ ದೇಶಕ್ಕೆಲ್ಲ ಒಂದೇ ನಿಯಮವಾಯಿತು. ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗೆ ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿ ಸಾಕಾಯಿತು. ತಲಪಾಡಿಯ ಗಡಿಯನ್ನು ದಾಟಿ ಮಂಗಳೂರಿನಲ್ಲಿ ಚಿಕಿತ್ಸೆ ಪಡೆದು ಕುಂಬಳೆಗೋ ಬದಿಯಡ್ಕಕ್ಕೋ ಮರಳುವ ನಮ್ಮ ರೋಗಿಗಳಿಗೆ ಇದರ ಬೆಲೆ ಏನೆಂದು ನಾನು ವಿವರಿಸಬೇಕಾಗಿಲ್ಲ.

ಹೀಗಿದ್ದರೂ ಮನೆಗಳಲ್ಲಿ ಹಳೆಯ ಭಯ ಉಳಿದಿದೆ. ಮಾರ್ಫಿನ್ ಎಂದೊಡನೆ ಅಜ್ಜನನ್ನು ಚಟಕ್ಕೆ ಬೀಳಿಸುತ್ತಾರೆ ಎನ್ನುವವರಿದ್ದಾರೆ; ಪೊಲೀಸರು ಬಂದಾರು ಎಂದು ಮಾತ್ರೆಯನ್ನು ಅಕ್ಕಿಯ ಡಬ್ಬದಲ್ಲಿ ಅಡಗಿಸುವವರಿದ್ದಾರೆ. ವೈದ್ಯರ ಚೀಟಿಯ ಮೇಲೆ, ಅವರು ಬರೆದ ಪ್ರಮಾಣದಲ್ಲಿ ಮನೆಯಲ್ಲಿರುವ ಮಾರ್ಫಿನ್ ಮಾತ್ರೆ ಅಪರಾಧವಲ್ಲ. ಅಪಸ್ಮಾರಕ್ಕೆ ಫಿನೋಬಾರ್ಬಿಟಾಲ್, ಕ್ಲೊಬಜಾಮ್ ಮುಂತಾದುವನ್ನು ವರ್ಷಗಟ್ಟಲೆ ಸೇವಿಸುವವರೂ ಅಂಜಬೇಕಾಗಿಲ್ಲ. ಮನೋಪ್ರಭಾವಿ ಔಷಧಗಳನ್ನು ಸ್ವಂತ ಚಿಕಿತ್ಸೆಗಾಗಿ ಒಮ್ಮೆಗೆ 100 ಮಾತ್ರೆಗಳ ತನಕ, ದೀರ್ಘಕಾಲದ ಚಿಕಿತ್ಸೆಗೆಂದು ವೈದ್ಯರು ವಿಶೇಷವಾಗಿ ಬರೆದಿದ್ದರೆ 300ರ ತನಕ ಇರಿಸಿಕೊಳ್ಳಲು ನಿಯಮಗಳೇ ಅವಕಾಶ ನೀಡಿವೆ.

ಮದ್ದಿನ ಪಟ್ಟಿಯ ಮೇಲಿನ ಗುರುತುಗಳನ್ನು ನೋಡುವ ಅಭ್ಯಾಸವಾಗಲಿ. 1940ರ ಔಷಧ ಕಾನೂನಿನ ನಿಯಮಗಳಲ್ಲಿ ಎಚ್, ಎಚ್-1, ಎಕ್ಸ್ ಎಂಬ ಬೇರೆ ಅನುಸೂಚಿಗಳಿವೆ. ಇವು ಅಂಗಡಿಯವನು ಹೇಗೆ ಮಾರಬೇಕೆಂಬುದನ್ನು ವಿಧಿಸುತ್ತವೆ. 'ಆರ್‌ಎಕ್ಸ್' ಎಂದಿದ್ದರೆ ವೈದ್ಯರ ಚೀಟಿ ಬೇಕು. ಅದೇ ಗುರುತು ಕೆಂಪಾಗಿದ್ದು ಕೆಂಪು ಚೌಕಟ್ಟಿನ ಎಚ್ಚರಿಕೆಯೂ ಇದ್ದರೆ ಅದು ಎಚ್-1. ಅಂಗಡಿಯವನು ರೋಗಿಯ ಹೆಸರನ್ನೂ ವೈದ್ಯರ ಹೆಸರನ್ನೂ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. 'ಎನ್‌ಆರ್‌ಎಕ್ಸ್' ಎಂದು ಕೆಂಪಿನಲ್ಲಿದ್ದರೆ ಅದು ಮಾದಕ ದ್ರವ್ಯಗಳ ಅಧಿನಿಯಮಕ್ಕೂ ಒಳಪಟ್ಟದ್ದು. 'ಎಕ್ಸ್‌ಆರ್‌ಎಕ್ಸ್' ಎಂದಿದ್ದರೆ ಚೀಟಿಯ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವನು ಎರಡು ವರ್ಷ ಇರಿಸಿಕೊಳ್ಳುತ್ತಾನೆ. ಅವನು ಹೆಸರು ವಿಳಾಸ ಕೇಳಿದಾಗ ಸಿಟ್ಟಾಗಬೇಡಿ.

ಚಟಕ್ಕೆ ಬಿದ್ದ ಮಗನಿರುವ ಮನೆಯವರಿಗೆ ಒಂದು ಮಾತು ಉಳಿದಿದೆ. ಅಂಥವರು ಇಂಥ ಸಭೆಯಲ್ಲಿ ಕೈಯೆತ್ತಿ ಪ್ರಶ್ನೆ ಕೇಳುವುದಿಲ್ಲ, ಆದುದರಿಂದ ಕೇಳದೆಯೇ ಹೇಳುತ್ತೇನೆ. ಅಧಿನಿಯಮದ 64-ಎ ವಿಧಿಯಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧಕ್ಕೆ ಗುರಿಯಾದ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಚಿಕಿತ್ಸಾಕೇಂದ್ರದಲ್ಲಿ ಚಿಕಿತ್ಸೆಗೆ ಒಳಗಾದರೆ ಮೊಕದ್ದಮೆಯಿಂದ ವಿನಾಯಿತಿ ದೊರೆಯುತ್ತದೆ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ವಿನಾಯಿತಿ ಹಿಂದೆಗೆಯಲ್ಪಡಬಹುದು. ವಕೀಲರ ಬಳಿಗೆ ಹೋಗುವ ಮೊದಲು ವೈದ್ಯರ ಬಳಿಗೆ ಹೋಗಿ, ದಾಖಲಾದ ಕಾಗದವನ್ನು ಜೋಪಾನವಾಗಿರಿಸಿಕೊಂಡು ಆಮೇಲೆ ವಕೀಲರನ್ನು ಕಾಣಿರಿ.

ರೋಗಿ ತೀರಿಹೋದ ಮೇಲೆ ಉಳಿದ ಮಾರ್ಫಿನ್ ಮಾತ್ರೆಗಳನ್ನು ಮನೆಯಲ್ಲಿಟ್ಟುಕೊಳ್ಳದೆ, ನೆರೆಯವರಿಗೂ ಕೊಡದೆ, ಅವನ್ನು ತಂದ ಉಪಶಾಮಕ ಘಟಕಕ್ಕೇ ಚೀಟಿಯೊಡನೆ ಒಪ್ಪಿಸಬೇಕು. ಈ ಕುರಿತು ಪ್ರಶ್ನೆಗಳಿದ್ದವರು ಕಾರ್ಯಕ್ರಮ ಮುಗಿದ ಬಳಿಕ ಸಭಾಂಗಣದ ಪಕ್ಕದ ಕೋಣೆಗೆ ಬರಬಹುದು. ನಾನು ಅಲ್ಲಿಯೇ ಇರುತ್ತೇನೆ.